ಕಮೋಡೋರನ ಎಡಗಣ್ಣು

1992ರ ಅಕ್ಟೋಬರ್ 8, ಬೆಳಿಗ್ಗೆ 10.40. ವಿಶಾಖಪಟ್ಟಣದ ಎಂವಿಪಿ ಕಾಲೋನಿ ಸರಹದ್ದಿನ ಪೊಲೀಸ್ ಠಾಣೆಗೆ ಒಬ್ಬ ಮಹಿಳೆ ತಮ್ಮ ಹತ್ತು ವರ್ಷದ ಮಗಳೊಡನೆ ಬಂದು ಕಳ್ಳತನದ ದೂರು ಕೊಡಬೇಕೆಂದರು. ಏನು ಕಳುವಾಗಿದೆ ಎಂದು ರೈಟರ್ ಕೇಳಿದ. ಗೊಂಬೆ ಎಂದರು. ಹುಡುಗಿಯ ಕೈಯಲ್ಲಿದ್ದ ಟವೆಲಿನಿಂದ ಒಂದು ಗೊಂಬೆ ತಲೆ ಹೊರಗೆ ಹಾಕಿತ್ತು. ಅದನ್ನು ನೋಡಿ ರೈಟರ್ ಪೆನ್ನಿಗೆ ಮುಚ್ಚಳ ಹಾಕಿದ.

“ಕಳುವಾದ ಗೊಂಬೆ ಕೈಯಲ್ಲೇ ಇದೆಯಲ್ಲಮ್ಮಾ. ಕಳ್ಳನನ್ನೂ ಜೊತೆಗೇ ಕರ್ಕೊಂಡು ಬಂದಿದ್ದರೆ ಕೇಸು ಈಗಲೇ ಮುಗೀತಿತ್ತು.”

ಠಾಣೆ ನಕ್ಕಿತು. “ಅದಿ ನಾದಿ ಕಾದು,” ಎಂದಳು ಹುಡುಗಿ ತೆಲುಗಿನಲ್ಲಿ. ಆಮೇಲೆ ತಾಯಿಯ ಕಡೆ ತಿರುಗಿ, “ಅಮ್ಮಾ, ಇದು ನಂದಲ್ಲ ಅಂತ ಸರಿಯಾಗಿ ಹೇಳು,” ಎಂದಳು.

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ತಿಮ್ಮಯ್ಯನವರಿಗೆ ಆ ಕನ್ನಡ ಕೇಳಿಸಿತು. ಅವರು ಕರ್ನಾಟಕದ ಗಡಿಗೆ ಹತ್ತಿದ ಮಡಕಶಿರದವರು. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ತೆಲುಗು. ಹೆಂಡತಿ ತವರಿಗೆ ಹೋಗಿ ಎರಡು ವಾರವಾಗಿತ್ತು, ಅಷ್ಟು ದಿನದಿಂದ ಕಿವಿಗೆ ಕನ್ನಡ ಬಿದ್ದಿರಲಿಲ್ಲ. “ಒಳಗೆ ಬನ್ನಿ,” ಎಂದು ಕೂಗಿದರು.

ಮಹಿಳೆಯ ಹೆಸರು ಸುಲೋಚನಾ. ಊರು ಹಾಸನದ ಕಡೆ. ಗಂಡ ದಿನಕರ ನೌಕಾಪಡೆಯಲ್ಲಿ ಪೆಟಿ ಆಫೀಸರ್. ಈಗ ಹಡಗಿನಲ್ಲಿದ್ದಾರೆ, ಹದಿನೇಳನೇ ತಾರೀಖು ಬರುತ್ತಾರೆ. ಮಾರ್ಚ್‌ನಲ್ಲಿ ಸಿಂಗಪುರದಿಂದ ಮಗಳು ಸುಮಿತ್ರಾಳಿಗೆ ಒಂದು ಗೊಂಬೆ ತಂದಿದ್ದರು. ಪರದೇಶದ ಚಿತ್ರಕತೆಯ ಸೂಪರ್‌ಹೀರೋ, ಹೆಸರು ಕಮೋಡೋರ್ ಕಾಮೆಟ್; ನೌಕಾಪಡೆಯಲ್ಲಿ ಕಮೋಡೋರ್ ಎಂದರೆ ದೊಡ್ಡ ಅಧಿಕಾರಿ. ನೀಲಿ ಉಡುಪು, ಹಳದಿ ಪಟ್ಟಿ, ಕೆಂಪು ಮೇಲಂಗಿ, ಒಂದು ಗೇಣು ಎತ್ತರ.

“ಇಷ್ಟು ವರ್ಷ ಸರ್ವಿಸ್ ಮಾಡಿ ಮನೇಲೂ ಕಮೋಡೋರ್‌ಗೇ ಸಲ್ಯೂಟ್ ಹೊಡೀಬೇಕಾಯ್ತು ಅಂತ ನಮ್ಮನೆಯವರು ತಮಾಷೆ ಮಾಡೋರು,” ಎಂದರು ಸುಲೋಚನಾ.

“ಇದು ಅದಲ್ಲ ಅಂತ ಹೇಗೆ ಗೊತ್ತಾಯ್ತು?”

“ನಿನ್ನೆ. ದಸರಾ ಗೊಂಬೆ ಎತ್ತಿಡುವಾಗ.”

ಹುಡುಗಿಗೆ ತಡೆಯಲಾಗಲಿಲ್ಲ. “ನನಗೆ ನಾಲ್ಕನೇ ದಿನಾನೇ ಗೊತ್ತಾಯ್ತು. ಅಮ್ಮ ಮುಟ್ಟೋಕೆ ಬಿಡಲಿಲ್ಲ.”

ಗೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸಿದ ಮೇಲೆ ವಿಜಯದಶಮಿಯವರೆಗೆ ಅಲುಗಿಸಬಾರದು. ವರ್ಷಕ್ಕೊಂದು ಹೊಸ ಗೊಂಬೆ ಸೇರಬೇಕು. ಈ ವರ್ಷದ ಹೊಸ ಗೊಂಬೆ ಕಮೋಡೋರನೇ ಆಗಬೇಕೆಂದು ಸುಮಿತ್ರಾ ಹಟ ಹಿಡಿದಿದ್ದಳು. ದಶಾವತಾರದ ಸಾಲಿನ ಕೊನೆಯಲ್ಲಿ, ಕಲ್ಕಿಯ ಪಕ್ಕಕ್ಕೆ ಅವನಿಗೆ ಜಾಗ ಸಿಕ್ಕಿತ್ತು. ಒಂಬತ್ತು ದಿನ ಮನೆಯವರು ಯಾರೂ ಮುಟ್ಟಲಿಲ್ಲ. ಏಳನೇ ತಾರೀಖು ಡಬ್ಬಿಗೆ ಹಾಕಲು ಎತ್ತಿದರೆ ಹಗುರ.

“ನಾಲ್ಕನೇ ದಿನ ಏನು ಗೊತ್ತಾಯ್ತಮ್ಮಾ?” ತಿಮ್ಮಯ್ಯ ಹುಡುಗಿಯನ್ನೇ ಕೇಳಿದರು.

“ಅವನು ಬಾಗಿಲ ಕಡೆ ನೋಡ್ತಿರಲಿಲ್ಲ.”

ತಂದ ವಾರದಲ್ಲೇ ಗೊಂಬೆ ಮಹಡಿಯಿಂದ ಬಿದ್ದು ಎಡಗಣ್ಣಿನ ಬಣ್ಣ ಹಾರಿತ್ತು. ದಿನಕರ ಹಡಗಿನ ಕಪ್ಪು ಎನಾಮೆಲಿನಲ್ಲಿ ಬೆಂಕಿಕಡ್ಡಿ ಅದ್ದಿ ಹೊಸ ಕಣ್ಣು ಬರೆದಿದ್ದರು. ಅದು ಸೊಟ್ಟಗಾಗಿ ಪಕ್ಕಕ್ಕೆ ನೋಡಿತು. ಹುಡುಗಿ ಅತ್ತಳು. ಅಪ್ಪ ಹೇಳಿದರಂತೆ: ಒಂದು ಕಣ್ಣು ನಿನ್ನ ಮೇಲೆ, ಇನ್ನೊಂದು ಬಾಗಿಲ ಮೇಲೆ. ನಾನು ಬಂದರೆ ಮೊದಲು ಅವನಿಗೇ ಕಾಣಿಸಬೇಕು.

ತಿಮ್ಮಯ್ಯ ಟವೆಲ್ ಬಿಚ್ಚಿ ನೋಡಿದರು. ಗೊಂಬೆಯ ಎರಡು ಕಣ್ಣೂ ನೆಟ್ಟಗೆ ಮುಂದೆ ನೋಡುತ್ತಿದ್ದವು. ಅಷ್ಟು ನಾಜೂಕಾಗಿ ಬರೆದ ಕಣ್ಣುಗಳನ್ನು ಅವರು ಆಟಿಕೆಯಲ್ಲಿ ಕಂಡಿರಲಿಲ್ಲ.

11.25ಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 187/92, ಭಾರತೀಯ ದಂಡ ಸಂಹಿತೆ ಕಲಂ 380, ವಾಸದ ಮನೆಯಲ್ಲಿ ಕಳವು. ಸ್ವತ್ತಿನ ಮೌಲ್ಯ ಎಂಬಲ್ಲಿ ರೈಟರ್ ಪೆನ್ನು ನಿಲ್ಲಿಸಿ ತಲೆಯೆತ್ತಿದ.

“ತಿಳಿದುಬಂದಿಲ್ಲ ಅಂತ ಬರಿ,” ಎಂದರು ತಿಮ್ಮಯ್ಯ.

12.15ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಕನಕದುರ್ಗಳ ಜೊತೆ ಅವರು ಸುಲೋಚನಾರ ಮನೆಗೆ ಹೋದರು. ಮಧ್ಯದ ಮಹಡಿಯ ಎರಡು ಕೋಣೆಯ ಫ್ಲಾಟು. ಗೊಂಬೆಗಳ ಮೆಟ್ಟಿಲು ಎಂದರೆ ಟ್ರಂಕುಗಳ ಮೇಲೆ ಹಾಸಿದ ಬಿಳಿ ಪಂಚೆ, ಅದನ್ನಿನ್ನೂ ತೆಗೆದಿರಲಿಲ್ಲ. ಬಾಗಿಲು, ಕಿಟಕಿ, ಚಿಲಕ ಎಲ್ಲ ಸುಸ್ಥಿತಿಯಲ್ಲಿದ್ದವು. ಪಂಚನಾಮೆಗೆ ಮೇಲಿನ ಫ್ಲಾಟಿನ ಅಶ್ವತ್ಥ ಬಂದರು. ಧಾರವಾಡದವರು, ಬ್ಯಾಂಕ್ ಅಧಿಕಾರಿ, ವರ್ಗವಾಗಿ ಬಂದು ಮೂರು ವರ್ಷ.

“ಸಾಹೇಬ್ರ, ಮೊದಲನೇ ದಿವಸ ನಾ ಇದರ ಫೋಟೋ ತಗದೇನ್ರಿ,” ಎಂದರು ಅಶ್ವತ್ಥ. “ಕನ್ನಡ ಸಂಘದ ಪತ್ರಿಕೆಗಂತ. ದೇವರ ಸಾಲಿನ್ಯಾಗ ಇಂವಾ ನಿಂತಿದ್ದು ನೋಡಿ ಭಾಳ ನಗಿ ಬಂತು. ರೀಲು ಇನ್ನೂ ಸ್ಟುಡಿಯೋದಾಗ ಐತಿ.”

“ಎಷ್ಟು ಹೊತ್ತಿಗೆ ಸಿಗುತ್ತೆ?”

“ಐದಕ್ಕ ತಂದು ಕೈಯಾಗ ಕೊಡ್ತೇನ್ರಿ.”

ಈ ನಡುವೆ ಕನಕದುರ್ಗ ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಅವಳು ವಿಜಯವಾಡದವಳು. ಕನ್ನಡ ಬಾರದು, ಅವಳ ಮಾತೆಲ್ಲ ತೆಲುಗು. ಅಂಗಾಲಿನ ಬಣ್ಣವನ್ನು ಉಗುರಿನಿಂದ ಒಂದಿಷ್ಟು ಕೆರೆದಳು, ಮೂಸಿದಳು.

“ಸಾರ್, ಇದು ಪ್ಲಾಸ್ಟಿಕ್ ಅಲ್ಲ. ಪೊಣಿಕಿ ಮರ. ಕೊಂಡಪಲ್ಲಿ ಗೊಂಬೆ ಮಾಡುವ ಮರ. ಭುಜದ ಸಂದಿಯಲ್ಲಿ ಹುಣಸೆಬೀಜದ ಅಂಟು, ಮರದ ಪುಡಿ. ನಮ್ಮ ಅಮ್ಮಮ್ಮನ ಊರು ಕೊಂಡಪಲ್ಲಿಯ ಪಕ್ಕದಲ್ಲೇ. ಈ ವಾಸನೆಯಲ್ಲೇ ಬೆಳೆದವಳು ನಾನು.”

“ಗ್ಯಾರಂಟಿಯಾ?”

“ನೀರಲ್ಲಿ ಹಾಕಿ, ಇಲ್ಲಿಂದ ಬಂದರಿನವರೆಗೂ ತೇಲ್ತಾನೆ.”

ಸುಮಿತ್ರಾ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ಒಂಬತ್ತು ದಿನ ಮನೆಗೆ ಬಂದವರು ಯಾರು ಎಂಬ ಪ್ರಶ್ನೆಗೆ ಸುಲೋಚನಾ ಒಂದು ನೋಟುಪುಸ್ತಕ ತಂದರು. ಅರಿಸಿನ ಕುಂಕುಮಕ್ಕೆ ಬಂದವರ ಪಟ್ಟಿ. ಅವರ ಮನೆಗೆ ತಾವೂ ಹೋಗಬೇಕಲ್ಲ. ಐವತ್ತನಾಲ್ಕು ಹೆಸರು, ತಾರೀಖಿನ ಸಮೇತ. ತಿಮ್ಮಯ್ಯ ಒಂದೊಂದಾಗಿ ಕೇಳುತ್ತ ಹೋದರು. ಕಮಾಂಡರ್ ಹೆಂಡತಿ, ಟ್ಯೂಷನ್ ಮೇಷ್ಟರ ತಾಯಿ, ಎದುರುಮನೆಯ ಮೂವರು ಸೊಸೆಯರು. ಇಪ್ಪತ್ತನೇ ಹೆಸರಿಗೆ ಅವರಿಗೇ ಬೇಸರ ಬಂತು.

“ಅಮ್ಮಾ,” ಎಂದಳು ಕನಕದುರ್ಗ, “ಬಂದು ತಾಂಬೂಲ ತಗೊಳ್ಳದೆ ಹೋದವರು ಯಾರು?”

ತಿಮ್ಮಯ್ಯ ಅದನ್ನು ಕನ್ನಡಕ್ಕೆ ತರುವ ಮೊದಲೇ ಸುಲೋಚನಾ ಬಾಯಿಗೆ ಸೆರಗು ಹಿಡಿದರು. ಗಂಡಸರಿಗೆ ತಾಂಬೂಲವಿಲ್ಲ. ಹಾಗಾಗಿ ಪಟ್ಟಿಯಲ್ಲೂ ಇಲ್ಲ.

“ಕಾಮೇಶ್ವರ,” ಎಂದರು. “ಪಟ್ಟದ ಗೊಂಬೆಗೆ ಬಣ್ಣ ಹಾಕಿದವನು.”

ಅವರ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳಲ್ಲಿ ರಾಣಿಯ ಮುಖ ಸಿಪ್ಪೆ ಎದ್ದಿತ್ತು. ಸೆಪ್ಟೆಂಬರಿನಲ್ಲಿ ಬೀಚ್ ರಸ್ತೆಯ ಕರಕುಶಲ ಪ್ರದರ್ಶನದಲ್ಲಿ ಕೊಂಡಪಲ್ಲಿಯ ಮಳಿಗೆ ಕಂಡು, ಅದನ್ನು ಸರಿಮಾಡಲು ಹೇಳಿದ್ದರು. ಕಾಮೇಶ್ವರ ಮೂರು ಸಲ ಮನೆಗೆ ಬಂದಿದ್ದ. ಇಪ್ಪತ್ತನೇ ತಾರೀಖು ರಾಣಿಯನ್ನು ಒಯ್ಯಲು. ಇಪ್ಪತ್ತಾರಕ್ಕೆ ತಂದುಕೊಡಲು. ಮೂವತ್ತಕ್ಕೆ, ಅಂದರೆ ಗೊಂಬೆ ಕೂರಿಸಿದ ನಾಲ್ಕನೇ ದಿನ, ಕಡಲ ಗಾಳಿಗೆ ಬಣ್ಣ ಒಣಗಿದೆಯೋ ಇಲ್ಲವೋ ನೋಡಲು.

“ಮೂವತ್ತಕ್ಕೆ ನೀವು ಅವನ ಜೊತೆಗೇ ಇದ್ರಾ?”

“ಕಾಫಿ ತರೋಕೆ ಒಳಗೆ ಹೋಗಿದ್ದೆ. ಪಾಪ, ಬಿಸಿಲಲ್ಲಿ ಬಂದಿದ್ದ.”

“ಕಮೋಡೋರನನ್ನು ಮೊದಲು ಯಾವಾಗ ನೋಡಿದ?”

“ಮೊದಲನೇ ಸಲ ಬಂದಾಗ್ಲೇ. ನಾನೇ ತೋರಿಸಿದ್ದು,” ಎಂದಳು ಸುಮಿತ್ರಾ. ದನಿ ಕುಗ್ಗಿತು. “ತುಂಬ ಹೊತ್ತು ಹಿಡ್ಕೊಂಡಿದ್ರು. ಬೆರಳಲ್ಲಿ ಅಳೆದ್ರು. ನನ್ನ ಡ್ರಾಯಿಂಗ್ ಪುಸ್ತಕದ ಹಾಳೆ ಇಸ್ಕೊಂಡು ಸುತ್ತ ಗೆರೆ ಎಳ್ಕೊಂಡ್ರು. ಕಣ್ಣು ಸೊಟ್ಟ ಇದೆ, ಕೊಡು ಪಾಪಾ, ತಿದ್ದಿಕೊಡ್ತೀನಿ ಅಂದ್ರು.”

“ನೀನೇನಂದೆ?”

“ಬೇಡ ಅಂದೆ. ಅಮ್ಮ ಮಾತ್ರ ದಸರಾ ಮುಗೀಲಿ ನೋಡೋಣ ಅಂದ್ಳು.” ಮರದ ಗೊಂಬೆಯ ಕಣ್ಣು ಮುಟ್ಟಿ ನೋಡಿದಳು. “ಅಂಕಲ್, ಅವರು ಅದನ್ನೂ ತಿದ್ದಿಬಿಟ್ಟಿದ್ರೆ?”

ತಿಮ್ಮಯ್ಯ ಪಟ್ಟಿಯ ಪುಸ್ತಕ ಮುಚ್ಚಿದರು. ಕಳುವಾದ ಮಾಲನ್ನು ಹುಡುಕುವುದು ಅವರ ಕೆಲಸ. ಅಳಿಸಿಹೋದ ಕಣ್ಣನ್ನು ಹುಡುಕಲು ಯಾವ ಕಲಮೂ ಇರಲಿಲ್ಲ.

ಸಂಜೆ 5.10ಕ್ಕೆ ಫೋಟೋ ಬಂತು. ತಿಮ್ಮಯ್ಯ ಅದನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಮರದ ಗೊಂಬೆಯನ್ನು ನಿಲ್ಲಿಸಿದರು. ಭೂತಗನ್ನಡಿಯನ್ನು ಠಾಣೆಯವರೆಲ್ಲ ಸರದಿಯಲ್ಲಿ ಹಿಡಿದರು. ಫೋಟೋದಲ್ಲಿದ್ದ ಅಸಲಿಯ ತೊಡೆಯುದ್ದಕ್ಕೂ ಅಚ್ಚಿನ ಎರಡು ಅರ್ಧ ಕೂಡಿದ ಗೆರೆಯಿತ್ತು; ಮರದವನ ತೊಡೆ ನುಣುಪಾಗಿತ್ತು. ಅಸಲಿಯ ಪಟ್ಟಿಯ ಹಳದಿ ನೀಲಿಯ ಮೇಲೆ ಹರಿದು ಅಂಚು ಹಸುರಾಗಿತ್ತು; ನಕಲಿಯದು ಕತ್ತರಿಸಿಟ್ಟ ಹಾಗೆ. ಅಸಲಿಯ ಮುಷ್ಟಿ ಒಂದೇ ಮುದ್ದೆ. ನಕಲಿಗೆ ಬೆರಳು ಬೆರಳಾಗಿ ಬೇರೆ, ಹೆಬ್ಬೆರಳಿಗೆ ಉಗುರು ಕೂಡ. ಎದೆ ಹೊಟ್ಟೆಗಳ ಸ್ನಾಯುಗಳು ಅಸಲಿಯಲ್ಲಿ ಬನ್ನಿನಂತೆ ಉಬ್ಬಿದ್ದವು. ಇಲ್ಲಿ ಅವು ಕೆಲಸ ಮಾಡಿದ ಮೈಯಲ್ಲಿರುವ ಹಾಗಿದ್ದವು.

ಕಣ್ಣುಗಳ ವಿಷಯ ಹೇಳಬೇಕಾಗಿಯೇ ಇರಲಿಲ್ಲ.

“ಸಾರ್,” ಎಂದ ರೈಟರ್, ಈಗ ನಗು ಬಿಟ್ಟು, “ಕಳ್ಳ ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಒಯ್ದಿದ್ದಾನೆ. ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ಇಂಥ ದಡ್ಡನನ್ನು ನೋಡಿಲ್ಲ.”

“ದಡ್ಡನಲ್ಲ. ಅವನ ಕೈ ತಪ್ಪು ಬರೆಯೋಕೆ ಒಪ್ಪಲಿಲ್ಲ, ಅಷ್ಟೇ,” ಎಂದಳು ಕನಕದುರ್ಗ.

ಒಂಬತ್ತನೇ ತಾರೀಖು ಪ್ರದರ್ಶನದ ಕಚೇರಿಯಲ್ಲಿ ದಾಖಲೆ ನೋಡಿದರು. ಮಳಿಗೆ ಸಂಖ್ಯೆ 17, ಕಾಮೇಶ್ವರ, ವಯಸ್ಸು 52. ಅಕ್ಟೋಬರ್ 2ರಂದು ಖಾಲಿ ಮಾಡಿದ್ದಾನೆ. ವಿಳಾಸ ವಿಜಯವಾಡದ ಗವರ್ನರ್‌ಪೇಟೆಯ ಒಂದು ಸಗಟು ಆಟಿಕೆ ಅಂಗಡಿಯದು. ಹತ್ತನೇ ತಾರೀಖು ಬೆಳಗಿನ ರೈಲಿಗೆ ತಿಮ್ಮಯ್ಯ ಮತ್ತು ಕನಕದುರ್ಗ ಹೊರಟರು. ಮರದ ಗೊಂಬೆ ಬಟ್ಟೆಚೀಲದಲ್ಲಿ ಸೀಲಾಗಿ ತಿಮ್ಮಯ್ಯನವರ ತೊಡೆಯ ಮೇಲಿತ್ತು. ತುನಿಯಲ್ಲಿ ಇಡ್ಲಿ ತಿಂದರು. ಗೋದಾವರಿ ಸೇತುವೆ ಬಂದಾಗ ಕನಕದುರ್ಗ ನದಿಗೆ ಒಂದು ನಾಣ್ಯ ಎಸೆದು ಕೈಮುಗಿದಳು.

“ಏನು ಬೇಡ್ಕೊಂಡೆ?”

“ಕಣ್ಣು ಉಳಿದಿರಲಿ ಅಂತ, ಸಾರ್.”

ಮಧ್ಯಾಹ್ನ 2.20ಕ್ಕೆ ಸ್ಥಳೀಯ ಠಾಣೆಗೆ ಮಾಹಿತಿ ಕೊಟ್ಟು ಗವರ್ನರ್‌ಪೇಟೆಯ ಅಂಗಡಿಗೆ ಹೋದರು. ಆಟೋಗಳ ನಡುವೆ ನುಗ್ಗಿ ದಾಟಬೇಕಾಯಿತು. ಅಂಗಡಿಯ ಸೂರಿನಿಂದ ಪ್ಲಾಸ್ಟಿಕ್ ಬಂದೂಕು, ಕೀಲಿ ಕಪ್ಪೆಗಳು ತೂಗುತ್ತಿದ್ದವು. ಮಾಲೀಕ ಬಾಲಚಂದ್ರ ಪೊಲೀಸರನ್ನು ಕಂಡು ಎರಡು ಸೋಡಾ ಹೇಳಿದ.

“ಕಾಮೇಶ್ವರನ ಪರಿಚಯ?”

“ಹದಿನೈದು ವರ್ಷದಿಂದ. ಅವನ ದಶಾವತಾರ, ಅಂಬಾರಿ ಆನೆ, ತಾಳೆಮರ ಹತ್ತೋನು ಎಲ್ಲ ನಾನೇ ಮಾರ್ತಿದ್ದೆ. ಈಗ ಯಾರಿಗೆ ಬೇಕು?”

“ಕೊನೇ ಸಲ ಬಂದದ್ದು?”

“ಐದನೇ ತಾರೀಖು. ಒಂದು ಫಾರಿನ್ ಗೊಂಬೆ ತಂದಿದ್ದ. ಹೇಗಿದೆ ಹೇಳು ಅಂದ. ನಾನು ನೋಡಿದೆ. ಅಚ್ಚು ಸುಮಾರು, ಬಣ್ಣ ಅದಕ್ಕಿಂತ ಸುಮಾರು, ಎಡಗಣ್ಣಂತೂ ಯಾವನೋ ಕುಡಿದು ಬರೆದದ್ದು ಅಂದೆ. ಇಂಥದ್ದು ನೀನು ಮಾಡ್ತೀಯಾ ಅಂತ ಕೇಳಿದೆ. ಮಾಡಿದ್ದೀನಿ ಅಂದ. ಎಲ್ಲಿ? ವೈಜಾಗ್‌ನಲ್ಲಿ, ಒಂದು ಮನೇಲಿ, ದೇವರ ಸಾಲಲ್ಲಿ ನಿಂತಿದೆ ಅಂದ. ನಾನು ನಕ್ಕೆ. ಎದ್ದು ಹೋದ.”

ತಿಮ್ಮಯ್ಯ ಚೀಲದ ಸೀಲು ತೋರಿಸಿ, ಬಿಚ್ಚಿ, ಗೊಂಬೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ನಿಲ್ಲಿಸಿದರು. ಬಾಲಚಂದ್ರ ಕನ್ನಡಕ ಏರಿಸಿ ನೋಡಿದ. ತೊಡೆ ಸವರಿದ. ಮೇಲಂಗಿಯ ಮಡಿಕೆಯೊಳಗೆ ಬೆರಳು ತೂರಿಸಿದ. ಯಾರಿಗೂ ಕಾಣದ ಅಲ್ಲಿಯೂ ಬಣ್ಣ ಬಳಿದಿತ್ತು. ಸೋಡಾ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಗೊಂಬೆಯನ್ನು ಹತ್ತಿರ ಎಳೆದುಕೊಂಡ.

“ಇದನ್ನು ಅವನೇ ಮಾಡಿದ್ದಾ?”

“ಅದನ್ನೇ ಕೇಳೋಕೆ ಹೋಗ್ತಿದ್ದೀವಿ.”

“ಅಯ್ಯೋ,” ಎಂದ ಬಾಲಚಂದ್ರ. “ಜೂನ್‌ನಲ್ಲಿ ನಾನು ಅವನಿಗೆ ಒಂದು ಮಾತಂದಿದ್ದೆ. ಕೃಷ್ಣನಾಗಲಿ, ತಾಳೆಮರ ಹತ್ತೋನಾಗಲಿ, ನಿನ್ನ ಗೊಂಬೆಗಳಿಗೆಲ್ಲ ನಿನ್ನ ಅಪ್ಪ ಕಲಿಸಿದ ಒಂದೇ ಮುಖ ಕಣೋ ಅಂತ.”

ಕಾಮೇಶ್ವರ ಕೊಂಡಪಲ್ಲಿ ಬಿಟ್ಟು ಹತ್ತು ವರ್ಷದಿಂದ ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದ. 3.50ಕ್ಕೆ ಪೊಲೀಸರು ಹೋದಾಗ ಹೆಂಡತಿ ಅನ್ನಪೂರ್ಣಮ್ಮ ಜಗುಲಿಯ ಮೇಲೆ ಹುಣಸೆಬೀಜ ಅರೆಯುತ್ತಿದ್ದಳು. ಖಾಕಿ ಕಂಡವಳು ಕೈ ತೊಳೆಯದೇ ಎದ್ದು ನಿಂತಳು.

ಒಳಗೆ ಕಿಟಕಿಯ ಕೆಳಗೆ ಚಾಪೆ, ಚಾಪೆಯ ಮೇಲೆ ಕಮೋಡೋರ್ ಮಲಗಿದ್ದ. ಪಕ್ಕದಲ್ಲಿ ಬಟ್ಟಲು, ಬಣ್ಣ ಒರೆಸುವ ಟರ್ಪೆಂಟೈನಿನ ಚಿಂದಿ, ಅಳಿಲುಕೂದಲಿನ ಸಣ್ಣ ಕುಂಚ. ಕಾಮೇಶ್ವರ ಎದುರಿಗೆ ಕೂತಿದ್ದ. ಕನಕದುರ್ಗ ಅವನನ್ನು ದಾಟಿ ಹೋಗಿ ಗೊಂಬೆಯ ಮುಖವನ್ನು ಬೆಳಕಿಗೆ ಹಿಡಿದಳು. ಚಿಂದಿ ಒಣಗಿತ್ತು. ಎಡಗಣ್ಣು ಸೊಟ್ಟಗೆ, ಬಾಗಿಲ ಕಡೆಗೆ ನೋಡುತ್ತಿತ್ತು.

“ಇದೆ ಸಾರ್.”

ತಿಮ್ಮಯ್ಯ ಚಾಪೆಯ ಅಂಚಿಗೆ ಕೂತರು. “ಇದು ಯಾರದು?”

“ವೈಜಾಗ್‌ನ ಆ ಪುಟ್ಟ ಪಾಪಂದು, ಅಯ್ಯಾ.”

“ನೀನು ತಂದದ್ದಾ?”

“ನಾನೇ.”

“ಯಾಕೆ ತಿದ್ದಲಿಲ್ಲ?”

ಕಾಮೇಶ್ವರ ಆ ಪ್ರಶ್ನೆ ನಿರೀಕ್ಷಿಸಿರಲಿಲ್ಲ. ಕುಂಚವನ್ನು ಒರೆಸಿ ಬಟ್ಟಲ ಮೇಲೆ ಅಡ್ಡ ಇಟ್ಟ.

“ತಿದ್ದಿ ವಾಪಸು ಕೊಡೋಣ ಅಂತ ಐದು ದಿನದಿಂದ ಕೂತಿದ್ದೀನಿ. ನಮ್ಮ ಮನೆತನದಲ್ಲಿ ಕಣ್ಣು ಕೊನೆಗೆ. ಮನೆಯ ಹಿರಿಯ ಬರೀಬೇಕು, ಉಸಿರು ಹಿಡಿದು. ಒಬ್ಬ ತೆರೆದ ಕಣ್ಣನ್ನು ಇನ್ನೊಬ್ಬ ಅಳಿಸೋ ಹಾಗಿಲ್ಲ. ಬಲಗಣ್ಣು ಮೆಷಿನ್ ಬರೆದದ್ದು, ಅದನ್ನು ಹತ್ತು ಸಲ ಒರೆಸಬಹುದು. ಎಡಗಣ್ಣು ಮನುಷ್ಯ ಬರೆದದ್ದು. ಕುಂಚ ಹಿಡಿದು ಅಭ್ಯಾಸವಿಲ್ಲದ ಕೈ. ಕುಡಿದವನಲ್ಲ. ಒಂದೇ ಸಲಕ್ಕೆ ಬರೆದಿದ್ದಾನೆ, ಹೊರಡೋ ಅವಸರದಲ್ಲಿ.”

“ಅವಳ ಅಪ್ಪ,” ಎಂದರು ತಿಮ್ಮಯ್ಯ. “ಹಡಗಿನವನು.”

ಕಾಮೇಶ್ವರ ತಲೆಯಾಡಿಸಿದ, ಲೆಕ್ಕ ತಾಳೆಯಾದವನಂತೆ. ಆಮೇಲೆ ಮುಖ ಬಾಡಿತು. “ನನ್ನದಕ್ಕೆ ನೇರ ಕಣ್ಣು ಇಟ್ಟೆ. ಸೊಟ್ಟ ಇಡೋಕೆ ನೋಡಿದೆ ಅಯ್ಯಾ, ಕೈ ಹೋಗಲಿಲ್ಲ. ಅದರಿಂದ ಸಿಕ್ಕಿಬಿದ್ದೆನಾ?”

“ಅದರಿಂದಲೇ.”

“ಆ ಪಾಪನೇ ಕಂಡುಹಿಡಿದಳಾ?”

“ನಾಲ್ಕನೇ ದಿನವೇ.”

“ಉಳಿದವರು?”

“ಅರಿಸಿನ ಕುಂಕುಮಕ್ಕೆ ಬಂದವರು ಐವತ್ತನಾಲ್ಕು ಜನ. ಯಾರಿಗೂ ತಿಳಿಯಲಿಲ್ಲ.”

ಅವನು ನಗಲಿಲ್ಲ. ಆದರೆ ಬೆನ್ನು ನೆಟ್ಟಗಾಯಿತು. ಬಾಗಿಲಲ್ಲಿ ನಿಂತಿದ್ದ ಅನ್ನಪೂರ್ಣಮ್ಮ ರೇಗಿದಳು: “ಏನು ಬೆನ್ನು ನೆಟ್ಟಗೆ ಮಾಡ್ತೀಯಯ್ಯಾ, ಪೊಲೀಸರು ಬಂದಿದ್ದಾರೆ, ಸನ್ಮಾನಕ್ಕಲ್ಲ!”

“ನಕಲು ಮಾಡಿ ಇಟ್ಟುಕೊಳ್ಳಬಹುದಿತ್ತು. ಅಸಲಿ ಯಾಕೆ ತಂದೆ?” ತಿಮ್ಮಯ್ಯ ಕೇಳಿದರು.

“ಎರಡೂ ಒಂದೇ ಊರಲ್ಲಿದ್ದರೆ ನನ್ನದು ನಕಲು, ಅಯ್ಯಾ. ಇದು ಅಲ್ಲಿ ಇಲ್ಲದಷ್ಟು ದಿನ ನನ್ನದೇ ಗೊಂಬೆ.”

ಸ್ವತ್ತು ಜಫ್ತಿ ಪಂಚನಾಮೆ ಮುಗಿದು 4.35ಕ್ಕೆ ಆರೋಪಿಯನ್ನು ಬಂಧಿಸಲಾಯಿತು. ಅನ್ನಪೂರ್ಣಮ್ಮ ಮೊಸರನ್ನ ಕಟ್ಟಿಕೊಟ್ಟಳು, ಮೂವರಿಗೆ.

ವಿಜಯವಾಡದ ಮ್ಯಾಜಿಸ್ಟ್ರೇಟರಿಂದ ಕರೆದೊಯ್ಯಲು ಅನುಮತಿ ಪಡೆದು, ಅಕ್ಟೋಬರ್ 12ರಂದು ಬೆಳಿಗ್ಗೆ 11ಕ್ಕೆ ವಿಶಾಖಪಟ್ಟಣದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಗೊಂಬೆಯನ್ನು ಹದಿನೇಳರೊಳಗೆ ತಾತ್ಕಾಲಿಕವಾಗಿ ತಮ್ಮ ವಶಕ್ಕೆ ಕೊಡಬೇಕೆಂದು ಸುಲೋಚನಾ ಅರ್ಜಿ ಹಾಕಿದ್ದರು. ಜಾಮೀನಿಗೆ ತಮ್ಮ ತಕರಾರಿಲ್ಲ ಎಂದು ಇನ್ನೊಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಮ್ಯಾಜಿಸ್ಟ್ರೇಟರು ಎರಡು ಗೊಂಬೆಗಳನ್ನೂ ಮೇಜಿನ ಮೇಲೆ ತರಿಸಿದರು. ಅವಕ್ಕೆ ಕಟ್ಟಿದ್ದ ಗುರುತಿನ ಚೀಟಿ ತೆಗೆಸಿದರು. ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದನ್ನು ಎತ್ತಿ ಹಿಡಿದರು.

“ಇದು ಅಸಲಿ. ಕೆಲಸ ನೋಡಿದರೆ ಗೊತ್ತಾಗುತ್ತೆ. ಇದನ್ನು ಮಗುವಿಗೆ ಕೊಡಿ.”

ಅದು ಮರದ್ದಾಗಿತ್ತು.

ಕಟಕಟೆಯಲ್ಲಿದ್ದ ಕಾಮೇಶ್ವರ ಎರಡು ಕೈ ಜೋಡಿಸಿ ಕಣ್ಣು ಮುಚ್ಚಿಕೊಂಡ. ಹಿಂದಿನ ಬೆಂಚಿನಿಂದ ಸುಮಿತ್ರಾ ಎದ್ದು, “ಅಲ್ಲ ಸಾರ್, ಸೊಟ್ಟ ಕಣ್ಣಿಂದು ನಂದು,” ಎಂದಳು. ಮ್ಯಾಜಿಸ್ಟ್ರೇಟರು ಎರಡನ್ನೂ ಇನ್ನೊಮ್ಮೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಆದೇಶವನ್ನು ಸರಿಯಾಗಿ ಬರೆಸಿದರು. ಆರೋಪಿಗೆ ಜಾಮೀನು ಸಿಕ್ಕಿತು. ಹೊರಗೆ ಬರುವಾಗ ಸುಲೋಚನಾ ತಿಮ್ಮಯ್ಯನವರನ್ನು ಮೆಲ್ಲಗೆ ಕೇಳಿದರು, “ಸಾರ್, ಕೇಸು ಮುಗಿದ ಮೇಲೆ ಆ ಮರದ ಗೊಂಬೆ ಏನಾಗುತ್ತೆ? ಅವನು ಕೊಡೋದಾದ್ರೆ… ಮುಂದಿನ ವರ್ಷಕ್ಕೆ ಒಂದು ಹೊಸ ಗೊಂಬೆ ಬೇಕಲ್ಲ.”

ಹದಿನೇಳನೇ ತಾರೀಖು ಹಡಗು ಬಂತು. ಮಧ್ಯಾಹ್ನ ಮನೆಯ ಬಾಗಿಲಲ್ಲಿ ದಿನಕರ ಚೀಲ ಇಳಿಸಿದಾಗ, ಟಿವಿಯ ಮೇಲೆ ನಿಂತಿದ್ದ ಕಮೋಡೋರನ ಎಡಗಣ್ಣು ಅವರ ಮೇಲೆಯೇ ಇತ್ತು. ಅವರು ಸಲ್ಯೂಟ್ ಹೊಡೆದರು.

ಅದೇ ಸಂಜೆ ತಿಮ್ಮಯ್ಯ ಕೇಸ್ ಡೈರಿ ಬರೆಯಲು ಕೂತರು. ಮರದ ಗೊಂಬೆ ಜಫ್ತಿ ಸ್ವತ್ತು ಇಡುವ ಮಾಲ್‌ಖಾನೆಗೆ ಹೋಗಬೇಕಿತ್ತು. ಒಂದು ದಿನ ಇರಲಿ ಎಂದು ಮೇಜಿನ ಮೇಲಿಟ್ಟುಕೊಂಡಿದ್ದರು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಲಾಭಕ್ಕಾಗಿ ಎಂದು ಬರೆಯುವಂತಿರಲಿಲ್ಲ, ದ್ವೇಷ ಎಂದೂ ಅಲ್ಲ. ಕೊನೆಗೆ ಹೀಗೆ ಬರೆದರು: ಆರೋಪಿಯು ತನ್ನ ತಂದೆ ಕಲಿಸದ ಒಂದು ಮುಖವನ್ನು ತನ್ನ ಕೈ ಮಾಡಬಲ್ಲುದೇ ಎಂದು ತಿಳಿಯಲಿಚ್ಛಿಸಿ, ತಾನು ಮಾಡಿದ್ದೆಂದು ಗೊತ್ತಿಲ್ಲದವರು ಅದನ್ನು ನೋಡಲೆಂದು ಈ ಕೃತ್ಯ ಎಸಗಿರುತ್ತಾನೆ.